ರಾಜೀನಾಮೆ ಬರೆಯುವ ಮೊದಲು ಇದನ್ನು ಓದು, ಮಗಳೇ

ಮಂಗಳೂರು
ಆಟಿ ತಿಂಗಳ ಮೊದಲ ವಾರ

ಕರ್ತನಲ್ಲಿ ಪ್ರಿಯಳಾದ ಮೊಮ್ಮಗಳಿಗೆ,

ನಮ್ಮ ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ನಿನ್ನ ಅಜ್ಜಿಯ ಆಶೀರ್ವಾದಗಳು. ದೇವರ ಕೃಪೆಯಿಂದ ನಾನಿಲ್ಲಿ ಕ್ಷೇಮವಾಗಿದ್ದೇನೆ. ಮಳೆ ಬಿಡದೆ ಸುರಿಯುತ್ತಿದ್ದು, ಅಂಗಳದ ಪಾಚಿಗೆ ಹೆದರಿ ಎರಡು ಭಾನುವಾರ ದೇವಾಲಯಕ್ಕೆ ಹೋಗಲಾಗಲಿಲ್ಲವೆಂಬ ಕೊರಗೊಂದಿದೆ. ಮೊನ್ನೆ ಭಾನುವಾರ ರಾತ್ರಿ ನೀನು ಫೋನಿನಲ್ಲಿ ಅಳುತ್ತಾ ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. ನನ್ನ ಕಿವಿ ಮೊದಲಿನಂತಿಲ್ಲ. ನೀನು ಹೇಳಿದ್ದು ಪೂರ್ತಿ ಮನಸ್ಸಿಗೆ ಇಳಿಯುವಷ್ಟರಲ್ಲಿ ನೀನು ಬೇರೆ ಮಾತಿಗೆ ಹೋಗಿಬಿಟ್ಟಿದ್ದೆ. ಆದ್ದರಿಂದ ಆಗ ಕೊಡಬೇಕಾಗಿದ್ದ ಉತ್ತರವನ್ನು ಈಗ ನಿಧಾನವಾಗಿ ಬರೆಯುತ್ತಿದ್ದೇನೆ. ಆ ರಾಜೀನಾಮೆಯ ಪತ್ರವನ್ನು ಇನ್ನೂ ಕೊಟ್ಟಿಲ್ಲವಾದರೆ, ಇದನ್ನು ಓದಿ ಮುಗಿಸುವವರೆಗಾದರೂ ಕೈಯಲ್ಲೇ ಇಟ್ಟುಕೋ.

ನಾನು ತಿಳಿದುಕೊಂಡದ್ದು ಇಷ್ಟು. ನಾಲ್ಕು ತಿಂಗಳ ಹಿಂದೆ ನಿಮ್ಮ ಸಭೆಯವರು ನಿನ್ನನ್ನು ಯೌವನಸ್ಥರ ಪ್ರತಿನಿಧಿಯಾಗಿ ಸಭಾ ಕಮಿಟಿಗೆ ಆರಿಸಿದರು. ದೇವಾಲಯದ ಮಾಡಿನ ರಿಪೇರಿಗೆಂದು ಕೂಡಿಸಿದ ಹಣದ ಲೆಕ್ಕವನ್ನು ಓದಿದಾಗ, ಜಮಾ ಖರ್ಚಿನ ನಡುವೆ 18,000 ರೂಪಾಯಿಯ ವ್ಯತ್ಯಾಸ ಕಂಡಿತು. ನೀನು ಲೆಕ್ಕವನ್ನೇ ಓದಿ, ಲೆಕ್ಕದ ಕೆಲಸವನ್ನೇ ಮಾಡುತ್ತಿರುವವಳಾದ್ದರಿಂದ ಅದು ನಿನ್ನ ಕಣ್ಣಿಗೆ ಬಿದ್ದದ್ದು ಸಹಜ. ಎದ್ದು ನಿಂತು ಕೇಳಿದೆ. ಲೆಕ್ಕ ಓದಿದ ಖಜಾಂಚಿಯವರಾದ ಆ ಹಿರಿಯರು ಮುಖ ಕೆಂಪಗೆ ಮಾಡಿಕೊಂಡು, ‘ನೀನು ಹುಟ್ಟುವ ಮೊದಲೇ ನಾನು ಈ ಸಭೆಯ ಲೆಕ್ಕ ಬರೆಯುತ್ತಿದ್ದೆ, ನಿನ್ನೆ ಮೊನ್ನೆ ಬಂದವಳಿಂದ ಕಲಿಯಬೇಕಾಗಿಲ್ಲ’ ಎಂದರು. ಉಳಿದವರು ಬಾಯಿ ತೆರೆಯಲಿಲ್ಲ. ಮನೆಗೆ ಬಂದ ಮೇಲೆ ನೀನು ಎರಡು ತೀರ್ಮಾನ ಮಾಡಿದೆ: ಕಮಿಟಿಯನ್ನು ಬಿಡುವುದು, ಸಂಡೇ ಸ್ಕೂಲಿನ ತರಗತಿಯನ್ನೂ ಬಿಡುವುದು. ‘ಇಪ್ಪತ್ಮೂರು ವರ್ಷದವಳ ಮಾತಿಗೆ ಬೆಲೆ ಇಲ್ಲದ ಕಡೆ ನಾನು ಯಾರಿಗೆ ಮಾದರಿಯಾಗಲಿ, ಅಜ್ಜಿ’ ಎಂದು ನೀನು ಕೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಆ ಪ್ರಶ್ನೆಯನ್ನೇ ಹಿಡಿದು ಮಾತನಾಡುತ್ತೇನೆ.

ಮೊದಲು ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಿಬಿಡುತ್ತೇನೆ. ಆ ಹಿರಿಯರು ಆಡಿದ್ದು ತಪ್ಪು. ಅವರು ನನ್ನ ವಯಸ್ಸಿನವರೆಂದು ನಾನು ಅವರ ಪಕ್ಷ ವಹಿಸುವುದಿಲ್ಲ. ಪ್ರಾಯ ಕಡಿಮೆಯೆಂದು ನಿನ್ನನ್ನು ಯಾರೂ ಅಸಡ್ಡೆ ಮಾಡದಂತೆ ನಡೆದುಕೋ ಎಂದು ಅಪೊಸ್ತಲನಾದ ಪೌಲನು ತನ್ನ ಎಳೆಯ ಜೊತೆಕೆಲಸದವನಾದ ತಿಮೊಥೆಗೆ ಬರೆದ ಮಾತನ್ನು ಎಲ್ಲರೂ ಎಳೆಯರಿಗೆ ಹೇಳುತ್ತಾರೆ. ಯೌವನಸ್ಥರ ಭಾನುವಾರ ಬಂದರೆ ಆ ವಚನವಿಲ್ಲದ ಪ್ರಸಂಗವೇ ಇರುವುದಿಲ್ಲ. ಆದರೆ ಅದೇ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ ಕೊನೆಯಲ್ಲಿ, ತಿಮೊಥೆಯನು ನಿಮ್ಮ ಬಳಿಗೆ ಬಂದರೆ ಅವನು ನಿಮ್ಮಲ್ಲಿ ಭಯವಿಲ್ಲದೆ ಇರುವಂತೆ ನೋಡಿಕೊಳ್ಳಿರಿ, ಅವನನ್ನು ಯಾರೂ ಹೀನೈಸಬಾರದು ಎಂಬ ಅರ್ಥದ ಮಾತನ್ನೂ ಬರೆದಿದ್ದಾನೆ. ಅದನ್ನು ಹಿರಿಯರಿಗೆ ಓದಿ ಹೇಳಿದವರನ್ನು ನಾನು ಹೆಚ್ಚು ಕಂಡಿಲ್ಲ. ಆಜ್ಞೆ ಎರಡು ಕಡೆಗೂ ಇದೆ. ನಿಮ್ಮ ಕಮಿಟಿಯಲ್ಲಿ ಅಂದು ಮುರಿದುಬಿದ್ದದ್ದು ಹಿರಿಯರ ಕಡೆಯದು.

ಇದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ, ಏಕೆಂದರೆ ಆ ತಪ್ಪನ್ನು ನಾನೂ ಮಾಡಿದ್ದೇನೆ. ನಿನ್ನ ತಾಯಿಗೂ ಇದು ಗೊತ್ತಿಲ್ಲ. ನಾನು ಸಂಡೇ ಸ್ಕೂಲನ್ನು ನೋಡಿಕೊಳ್ಳುತ್ತಿದ್ದ ವರ್ಷಗಳಲ್ಲಿ, ಬೆಳೆ ಹಬ್ಬದ ಆರಾಧನೆಯಲ್ಲಿ ವೇದಪಾಠ ಓದಲು ಹದಿನೈದು ವರ್ಷದ ಒಬ್ಬ ಹುಡುಗನು ತಾನಾಗಿ ಮುಂದೆ ಬಂದನು. ಮನೆಯಲ್ಲಿ ಹತ್ತಾರು ಸಲ ಓದಿ ಅಭ್ಯಾಸ ಮಾಡಿಕೊಂಡು, ತೊಳೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದನು. ಆ ದಿನ ಹೊರಗಿನಿಂದ ದೊಡ್ಡವರು ಬರುವವರಿದ್ದರು. ‘ಇವತ್ತು ಬೇಡಪ್ಪ, ದೊಡ್ಡವರು ಓದಲಿ, ನಿನಗೆ ಇನ್ನೂ ಕಾಲವಿದೆ’ ಎಂದು ಎಲ್ಲರೆದುರು ಅವನ ಕೈಯಿಂದ ಸತ್ಯವೇದವನ್ನು ತೆಗೆದುಕೊಂಡೆ. ಅವನು ಏನೂ ಹೇಳಲಿಲ್ಲ. ಆರಾಧನೆ ಮುಗಿದು ಹೊರಗೆ ಹಣ್ಣು ಕಾಯಿಗಳ ಹರಾಜು ನಡೆಯುವಾಗ ನೋಡಿದರೆ ಅವನು ಹೊರಟುಹೋಗಿದ್ದನು. ಅದಾದ ಮೇಲೆ ಕ್ರಿಸ್ಮಸ್ಸಿಗೆ ಬಿಟ್ಟರೆ ಅವನು ಬರುವುದೇ ನಿಂತಿತು. ಹನ್ನೊಂದು ವರ್ಷಗಳ ಅನಂತರ ಅವನ ತಾಯಿಯ ಸಮಾಧಿಯ ಬಳಿ ನಾನು ಅವನ ಕೈ ಹಿಡಿದು ಕ್ಷಮೆ ಕೇಳಿದೆ. ‘ನನಗೆ ಅದು ನೆನಪೇ ಇಲ್ಲ ಟೀಚರ್’ ಎಂದನು. ಅವನು ಹೇಳಿದ ರೀತಿಯಲ್ಲಿಯೇ ಅದರ ಒಂದೊಂದು ಕ್ಷಣವೂ ಅವನಿಗೆ ನೆನಪಿದೆಯೆಂದು ನನಗೆ ತಿಳಿಯಿತು. ನಿನಗೆ ಆದದ್ದು ಸಣ್ಣ ಸಂಗತಿಯೆಂದು ನಾನು ಹೇಳದಿರುವುದಕ್ಕೆ ಇದೇ ಕಾರಣ.

ಆದರೂ ನೀನು ಹಿಂದೆ ಸರಿಯಬಾರದು ಎನ್ನುತ್ತೇನೆ. ತಿಮೊಥೆಯನ್ನು ಸ್ವಲ್ಪ ಹತ್ತಿರದಿಂದ ನೋಡು. ಅವನು ಲುಸ್ತ್ರ ಊರಿನ ಕಡೆಯವನು. ತಂದೆ ಗ್ರೀಕನು, ತಾಯಿ ನಂಬಿಕೆಯುಳ್ಳ ಯೆಹೂದ್ಯಳು. ಪೌಲನನ್ನು ಜನರು ಕಲ್ಲೆಸೆದು, ಸತ್ತನೆಂದು ಊರ ಹೊರಗೆ ಎಳೆದು ಹಾಕಿದ್ದು ಅದೇ ಲುಸ್ತ್ರದಲ್ಲಿ. ಮತ್ತೆ ಪೌಲನು ಆ ಊರಿಗೆ ಬಂದಾಗ, ಈ ಹುಡುಗನ ವಿಷಯದಲ್ಲಿ ಅಲ್ಲಿಯ ಸಹೋದರರು ಒಳ್ಳೆಯ ಸಾಕ್ಷಿ ಹೇಳುತ್ತಿದ್ದರೆಂದು ಅಪೊಸ್ತಲರ ಕೃತ್ಯಗಳಲ್ಲಿ ಬರೆದಿದೆ. ಅಂದರೆ ಕ್ರಿಸ್ತನ ಹೆಸರೆತ್ತಿದರೆ ಕಲ್ಲು ಬೀಳಬಹುದಾದ ಊರಿನಲ್ಲಿ, ನೆರೆಹೊರೆಯವರು ದಿನವೂ ನೋಡುವಂತೆ ಬದುಕಿ ಅವನು ಹೆಸರು ಪಡೆದಿದ್ದನು. ಮುಂದೆ ಎಫೆಸದ ಸಭೆಯನ್ನು ನೋಡಿಕೊಳ್ಳಲು ಪೌಲನು ಅವನನ್ನು ಬಿಟ್ಟಾಗ ಅವನು ಮೂವತ್ತರ ಆಸುಪಾಸಿನಲ್ಲಿದ್ದಿರಬೇಕೆಂದು ಅನೇಕ ವ್ಯಾಖ್ಯಾನಕಾರರು ಎಣಿಸುತ್ತಾರೆ. ಆ ಕಾಲದಲ್ಲಿ ಸಭೆಯ ಹಿರಿಯರ ನಡುವೆ ಅದು ಎಳೆಯ ಪ್ರಾಯವೇ.

ಆ ವಚನದಲ್ಲಿ ನಾನು ಬಹಳ ವರ್ಷ ಗಮನಿಸದೆ ಬಿಟ್ಟದ್ದು ಒಂದಿದೆ. ‘ನಿನ್ನನ್ನು ಗೌರವಿಸುವಂತೆ ಅವರಿಗೆ ಹೇಳು’ ಎಂದು ಪೌಲನು ಬರೆಯಲಿಲ್ಲ. ಅಸಡ್ಡೆ ಮಾಡುವವರಿಗೆ ಕೊಡಬೇಕಾದ ಉತ್ತರವನ್ನು ಅವನು ತಿಮೊಥೆಯ ನಾಲಿಗೆಗೆ ಕೊಡದೆ ಅವನ ಇಡೀ ಬಾಳಿಗೆ ಕೊಟ್ಟನು: ನುಡಿಯಲ್ಲಿ, ನಡತೆಯಲ್ಲಿ, ಪ್ರೀತಿಯಲ್ಲಿ, ನಂಬಿಕೆಯಲ್ಲಿ, ಶುದ್ಧತ್ವದಲ್ಲಿ ನಂಬುವವರಿಗೆ ಮಾದರಿಯಾಗಿರು ಎಂದನು. ಇವುಗಳಲ್ಲಿ ಯಾವುದಕ್ಕೂ ಇಷ್ಟು ವರ್ಷ ತುಂಬಿರಬೇಕೆಂಬ ನಿಯಮವಿಲ್ಲ. ಹಾಗೆಯೇ ವರ್ಷ ತುಂಬಿದ ಮಾತ್ರಕ್ಕೆ ಯಾರಿಗೂ ಇವು ಬಂದುಬಿಡುವುದಿಲ್ಲ.

ಮಾದರಿ ಎಂಬಲ್ಲಿ ಮೂಲ ಗ್ರೀಕಿನಲ್ಲಿರುವ ಪದ ತೂಪೋಸ್ ಎಂದು ನಮ್ಮ ಸಭೆಯ ಪಾದ್ರಿಗಳಾದ ಅಯ್ಯನವರೊಬ್ಬರು ವೇದಪಾಠದ ಕೂಟದಲ್ಲಿ ಹೇಳಿಕೊಟ್ಟಿದ್ದರು. ಹೊಡೆತದಿಂದ ಅಥವಾ ಒತ್ತುವುದರಿಂದ ಮೂಡಿದ ಗುರುತು ಎಂಬುದು ಅದರ ಮೊದಲ ಅರ್ಥ. ಅಲ್ಲಿಂದ ಅಚ್ಚು, ಅಲ್ಲಿಂದ ಮಾದರಿ. ಪುನರುತ್ಥಾನವಾದ ಕರ್ತನ ಕೈಗಳಲ್ಲಿ ಮೊಳೆಗಳ ಗುರುತನ್ನು ಕಾಣದ ಹೊರತು ನಂಬುವುದಿಲ್ಲವೆಂದು ತೋಮನು ಹೇಳಿದನಲ್ಲ, ಯೋಹಾನನ ಸುವಾರ್ತೆಯ ಆ ಕಡೆಯಲ್ಲಿ ಗುರುತು ಎಂಬುದಕ್ಕೂ ಇದೇ ಪದವಿದೆಯಂತೆ. ಅದನ್ನು ಕೇಳಿದ ದಿನ ನಾನು ಮನೆಗೆ ಬಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಅಚ್ಚು ಎಂದಾಕ್ಷಣ ನನಗೆ ನನ್ನ ತಂದೆಯವರು ಕಣ್ಣ ಮುಂದೆ ಬರುತ್ತಾರೆ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ, ನಮ್ಮ ಸಭೆಯ ಎಷ್ಟೋ ಮನೆಗಳಿಗೆ ಅನ್ನ ಬಂದದ್ದು ಹಂಚಿನಿಂದಲೇ. ನನ್ನ ತಂದೆಯವರೂ ಹಂಚಿನ ಕಾರ್ಖಾನೆಯಲ್ಲಿಯೇ ದುಡಿದವರು. ಮಧ್ಯಾಹ್ನ ಬುತ್ತಿ ಕೊಡಲು ಹೋದಾಗ ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಹದ ಮಾಡಿದ ಮಣ್ಣಿನ ಹಲಗೆಗೆ ಎಣ್ಣೆ ಸವರಿ ಅಚ್ಚಿನ ಮೇಲೆ ಇಡುವರು. ಮೇಲಿನ ಅಚ್ಚು ಇಳಿದು ಒತ್ತುವುದು. ಎತ್ತಿದಾಗ ಮೆತ್ತಗಿನ ಮಣ್ಣು ಹಂಚಾಗಿ ಹೊರಬರುವುದು. ಅಂಚಿಗೆ ಉಕ್ಕಿದ ಮಣ್ಣನ್ನು ಕೆರೆದು ತೆಗೆದು ಒಣಗಲು ಸಾಲಿನಲ್ಲಿ ಇಡುವರು. ಒಂದು ದಿನ ಅವರು ಒಣಗುತ್ತಿದ್ದ ಹಂಚಿನ ಮೇಲೆ ಬೆರಳೆಳೆದು ನನಗೆ ಒಂದು ಗೆರೆಯನ್ನು ತೋರಿಸಿದರು. ಕೂದಲೆಳೆಯಷ್ಟು ತೆಳ್ಳಗಿನ ಗೆರೆ. ಪಕ್ಕದ ಹಂಚಿನಲ್ಲಿಯೂ ಅದೇ ಕಡೆ ಅದೇ ಗೆರೆ, ಅದರ ಪಕ್ಕದ್ದರಲ್ಲಿಯೂ ಅದೇ. ‘ಮಣ್ಣಿನದೇನೂ ತಪ್ಪಿಲ್ಲ ಮಗು, ಅಚ್ಚಿನಲ್ಲಿ ಬಿರುಕು ಬಿದ್ದಿದೆ’ ಎಂದರು. ಹೊಸ ಅಚ್ಚೋ ಹಳೆಯ ಅಚ್ಚೋ ಎಂದು ಮಣ್ಣು ಕೇಳುವುದಿಲ್ಲ. ತನ್ನ ಮೇಲೆ ಒತ್ತಿದ್ದನ್ನು ಅದು ಹಾಗೆಯೇ ತೆಗೆದುಕೊಳ್ಳುತ್ತದೆ.

ನಿನ್ನ ಸಂಡೇ ಸ್ಕೂಲಿನ ಒಂಬತ್ತು ಮಕ್ಕಳು ಆ ಮಣ್ಣು. ಅವರಿಗೆ ನಿನ್ನ ವಯಸ್ಸು ಇಪ್ಪತ್ಮೂರೋ ಅರುವತ್ಮೂರೋ ತಿಳಿಯದು. ಅವರ ಕಣ್ಣಿಗೆ ನೀನು ದೊಡ್ಡವಳು. ನಿನ್ನ ತಾಯಿ ಐದು ವರ್ಷದವಳಿದ್ದಾಗ ನಡೆದದ್ದನ್ನು ಹೇಳುತ್ತೇನೆ. ನನ್ನ ತಾಯಿ ಪ್ರತಿದಿನ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿಯನ್ನು ತೆಗೆದು ಮೂಲೆಯ ಡಬ್ಬಿಗೆ ಹಾಕುತ್ತಿದ್ದರು. ತಿಂಗಳ ಕೊನೆಗೆ ಅದು ಗಂಡನನ್ನು ಕಳೆದುಕೊಂಡಿದ್ದ ನೆರೆಮನೆಯ ಹೆಂಗಸಿಗೆ ಹೋಗುತ್ತಿತ್ತು. ಅದರ ಬಗ್ಗೆ ಅವರು ಯಾರಿಗೂ ಒಂದು ಮಾತು ಹೇಳಿದವರಲ್ಲ, ಮೊಮ್ಮಗಳಿಗಂತೂ ಹೇಳಿರಲಿಲ್ಲ. ಒಂದು ಸಂಜೆ ನಿನ್ನ ತಾಯಿ ಅಂಗಳದಲ್ಲಿ ತೆಂಗಿನ ಗೆರಟೆಯಲ್ಲಿ ಮರಳು ತುಂಬಿ ಅಡುಗೆಯ ಆಟ ಆಡುತ್ತಿದ್ದಳು. ಗೆರಟೆಯನ್ನು ಕಲ್ಲಿನ ಒಲೆಯ ಮೇಲೆ ಇಡುವ ಮೊದಲು ಅದರಿಂದ ಒಂದು ಹಿಡಿ ಮರಳನ್ನು ತೆಗೆದು ಬದಿಗೆ ಹಾಕಿದಳು. ಏಕೆಂದು ಕೇಳಿದರೆ ಅವಳಿಗೆ ಹೇಳಲು ತಿಳಿಯಲಿಲ್ಲ; ಅನ್ನ ಮಾಡುವುದೆಂದರೆ ಹಾಗೆಯೇ ಎಂದು ಅವಳು ಎಣಿಸಿದ್ದಳು. ತಿಮೊಥೆಯ ನಂಬಿಕೆ ಮೊದಲು ಅವನ ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ಇತ್ತೆಂದು ಪೌಲನು ಬರೆದದ್ದನ್ನು ಓದುವಾಗಲೆಲ್ಲ ನನಗೆ ಆ ಮರಳಿನ ಹಿಡಿಯೇ ನೆನಪಾಗುತ್ತದೆ. ಆ ಒಂಬತ್ತು ಮಕ್ಕಳನ್ನು ಬಿಟ್ಟು ಬಂದರೆ, ಯಾರೋ ಒಬ್ಬರು ನಿನ್ನನ್ನು ಚಿಕ್ಕವಳೆಂದರು ಎಂಬ ಕಾರಣಕ್ಕೆ, ನಿನ್ನನ್ನು ದೊಡ್ಡವಳೆಂದು ನಂಬಿದವರನ್ನು ಬಿಟ್ಟುಬಂದಂತಾಗುತ್ತದೆ.

ಇನ್ನು ನಿನಗೆ ಸ್ವಲ್ಪ ಕಹಿಯಾಗುವ ಮಾತು. ನೀನು ಕೇಳಿದ್ದು ಸರಿಯಾಗಿತ್ತು. ಕೇಳಿದ ಬಗೆ ಸರಿಯಾಗಿತ್ತೆಂದು ಹೇಳಲಾರೆ. ನೀನೇ ಹೇಳಿದಂತೆ, ಅವರು ವರದಿ ಓದಿ ಇನ್ನೂ ಕುಳಿತುಕೊಳ್ಳುವ ಮೊದಲೇ ನೀನು ಎದ್ದು, ಫೋನಿನಲ್ಲಿ ಕೂಡಿಸಿ ಇಟ್ಟುಕೊಂಡಿದ್ದ ಅಂಕಿಗಳನ್ನು ಓದಿ, ‘ಇದಕ್ಕೆ ಏನು ಹೇಳುತ್ತೀರಿ’ ಎಂದೆ. ಹದಿನಾಲ್ಕು ಜನರ ಮುಂದೆ. ಆ ಪ್ರಶ್ನೆಯಲ್ಲಿ ಕಳ್ಳತನವೆಂಬ ಪದ ಇರಲಿಲ್ಲ, ಆದರೆ ಕೂತಿದ್ದ ಎಲ್ಲರ ಕಿವಿಗೂ ಅದು ಕೇಳಿಸಿರುತ್ತದೆ. ಮಾದರಿಯಾಗಿರು ಎಂದ ಅದೇ ಪತ್ರಿಕೆಯಲ್ಲಿ ಕೆಲವೇ ವಚನಗಳ ಮುಂದೆ, ವೃದ್ಧನನ್ನು ಗದರಿಸದೆ ತಂದೆಯೆಂದು ಭಾವಿಸಿ ಬುದ್ಧಿ ಹೇಳು ಎಂದಿದೆ. ಅಂದರೆ ತಿಮೊಥೆಯಂಥ ಎಳೆಯನಿಗೂ ಹಿರಿಯನನ್ನು ತಿದ್ದುವ ಅಧಿಕಾರವಿದೆ, ಅದನ್ನು ಪೌಲನು ಕಿತ್ತುಕೊಳ್ಳಲಿಲ್ಲ. ತಂದೆಯನ್ನು ತಿದ್ದುವ ಮಗನಿಗೆ ಎಷ್ಟು ಸಂಕಟವಾಗಬೇಕೋ ಅಷ್ಟು ಸಂಕಟದಿಂದ ತಿದ್ದಬೇಕೆಂದನು. ನಿನ್ನ ಅಪ್ಪನ ಲೆಕ್ಕದಲ್ಲಿ ತಪ್ಪು ಕಂಡಿದ್ದರೆ ನೀನು ಬಂಧುಗಳ ನಡುವೆ ಎದ್ದು ಕೇಳುತ್ತಿದ್ದೆಯಾ? ರಾತ್ರಿ ಊಟವಾದ ಮೇಲೆ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದೆ. ಹಿರಿಯನ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ತೆಗೆದುಕೊಳ್ಳಬೇಡವೆಂದೂ ಅಲ್ಲಿಯೇ ಇದೆ. ತಪ್ಪು ಮಾಡಿದ ಸಹೋದರನ ಬಳಿ ಮೊದಲು ನೀನೊಬ್ಬನೇ ಹೋಗು ಎಂದು ಕರ್ತನೇ ಹೇಳಿದ್ದು ಮತ್ತಾಯನ ಸುವಾರ್ತೆಯಲ್ಲಿದೆ.

ಹಾಗೆಂದು ಲೆಕ್ಕ ಕೇಳಿದ್ದೇ ಅವಿಧೇಯತೆಯೆಂದು ಯಾರಾದರೂ ನಿನಗೆ ಹೇಳಿದರೆ ಅದನ್ನು ಒಪ್ಪಬೇಡ. ಯೆರೂಸಲೇಮಿನ ಬಡವರಿಗಾಗಿ ಪೌಲನು ಸಭೆಗಳಿಂದ ಹಣ ಕೂಡಿಸಿದಾಗ, ಅದನ್ನು ತನ್ನೊಬ್ಬನ ಕೈಯಲ್ಲಿ ಇಟ್ಟುಕೊಳ್ಳಲಿಲ್ಲ. ಸಭೆಗಳೇ ನೇಮಿಸಿದ, ಎಲ್ಲರಿಂದಲೂ ಒಳ್ಳೆಯವನೆನಿಸಿಕೊಂಡ ಒಬ್ಬ ಸಹೋದರನನ್ನು ಜೊತೆಗೆ ಕರೆದುಕೊಂಡನು. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲದೆ ಮನುಷ್ಯರ ದೃಷ್ಟಿಯಲ್ಲಿಯೂ ನಾವು ಗೌರವವಾದದ್ದನ್ನೇ ಮಾಡಬೇಕು ಎಂಬ ಅರ್ಥದಲ್ಲಿ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ ವಿವರಿಸಿದನು. ಅಪೊಸ್ತಲನಾದವನೇ ತನ್ನ ಕೈಯ ಹಣಕ್ಕೆ ಇನ್ನೊಬ್ಬರ ಕಣ್ಣು ಬೇಕೆಂದ ಮೇಲೆ, ನಮ್ಮ ಊರ ಸಭೆಯ ಖಜಾಂಚಿಗೆ ಅದು ಅವಮಾನ ಹೇಗಾದೀತು? ಶುದ್ಧತ್ವವೆಂದರೆ ನಮ್ಮವರು ಹುಡುಗ ಹುಡುಗಿಯರ ನಡವಳಿಕೆಯೊಂದನ್ನೇ ಎಣಿಸುತ್ತಾರೆ. ಅದು ಮುಖ್ಯವೇ, ಅದರಲ್ಲಿ ನಿನಗೆ ನಾನು ಹೊಸದಾಗಿ ಹೇಳಬೇಕಾದದ್ದಿಲ್ಲ. ಆದರೆ ವಿಧವೆಯೊಬ್ಬಳು ಲಕೋಟೆಯಲ್ಲಿಟ್ಟು ಕೊಟ್ಟ ನೂರು ರೂಪಾಯಿಯ ವಿಷಯದಲ್ಲಿ ಇರಬೇಕಾದ ಶುದ್ಧತ್ವವೂ ಅಷ್ಟೇ ಮುಖ್ಯ, ಮತ್ತು ದೇವರು ಆ ಕೆಲಸಕ್ಕೆ ಬೇಕಾದ ವಿದ್ಯೆಯನ್ನು ನಿನಗೆ ಕೊಟ್ಟಿದ್ದಾನೆ.

ಆದ್ದರಿಂದ ನಾನು ಹೇಳುವುದೇನೆಂದರೆ, ಬರುವ ಶನಿವಾರ ಸಂಜೆ ಆ ಹಿರಿಯರ ಮನೆಗೆ ಹೋಗು. ಒಬ್ಬಳೇ ಹೋಗು. ಕೈಯಲ್ಲಿ ಹಣ್ಣೋ ಬಿಸ್ಕತ್ತೋ ಇರಲಿ. ಮೊದಲು, ಎಲ್ಲರೆದುರು ಹಾಗೆ ಕೇಳಬಾರದಾಗಿತ್ತು, ಕ್ಷಮಿಸಿರಿ ಎಂದು ಹೇಳು. ಅವರೂ ನಿನ್ನ ಕ್ಷಮೆ ಕೇಳಲಿ ಎಂದು ಕಾಯಬೇಡ. ಆಮೇಲೆ, ಈ ಲೆಕ್ಕವನ್ನು ನೀವು ಹೇಗೆ ಬರೆಯುತ್ತೀರಿ ನನಗೆ ತೋರಿಸಿಕೊಡಿರಿ ಎಂದು ಕೇಳು. ಬಾಯಿಮಾತಿಗೆ ಕೇಳಬೇಡ, ನಿಜವಾಗಿಯೂ ಕಲಿಯಲೆಂದು ಕೇಳು. ಮೂವತ್ತು ವರ್ಷ ಸಂಬಳವಿಲ್ಲದೆ ಒಂದು ಸಭೆಯ ಲೆಕ್ಕ ಬರೆದವರ ಬಳಿ, ನಿನ್ನ ಕಂಪ್ಯೂಟರಿಗೆ ಗೊತ್ತಿರದ ಎಷ್ಟೋ ಸಂಗತಿಗಳಿರುತ್ತವೆ: ಯಾವ ಮನೆಯವರು ಹೆಸರು ಹೇಳಬೇಡಿರೆಂದು ಕೊಟ್ಟರು, ಯಾವ ಮೇಸ್ತ್ರಿಗೆ ಮಗಳ ಮದುವೆಗೆಂದು ಮುಂಗಡ ಹೋಯಿತು, ಯಾವ ರಸೀದಿ ಮಳೆಯಲ್ಲಿ ನೆನೆದು ಹಾಳಾಯಿತು. ಎಪ್ಪತ್ತು ದಾಟಿದವರ ಕೈಬರಹದಲ್ಲಿ ಒಂದು ಸೊನ್ನೆ ತಪ್ಪುವುದು ಎಷ್ಟು ಸುಲಭವೆಂದು ಎಪ್ಪತ್ತನಾಲ್ಕರ ನನಗೆ ಗೊತ್ತು. ತಪ್ಪಾಗಿದೆಯೆಂಬ ಭಯವೇ ಅವರನ್ನು ಅಂದು ಅಷ್ಟು ಗಟ್ಟಿಯಾಗಿ ಮಾತನಾಡಿಸಿರಬಹುದು.

ಮೊದಲು ಕಲಿಯಲು ಕುಳಿತುಕೊಳ್ಳುವುದರಿಂದ ಎಳೆಯರಿಗೆ ಕೀಳರಿಮೆಯೇನಿಲ್ಲ. ಕಿಟೆಲರು 1853ರಲ್ಲಿ ಜರ್ಮನಿಯಿಂದ ನಮ್ಮ ನಾಡಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ನಿನಗಿಂತ ಎರಡು ವರ್ಷ ಚಿಕ್ಕವರು. ಬೋಧಿಸಲೆಂದು ಬಂದವರು ಇಲ್ಲಿಯ ಜನರಿಂದ ಅವರ ಮಾತನ್ನು ಕಲಿಯುವವರಾದರು. ಸುಮಾರು 70,000 ಪದಗಳ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ, ಅವರ ಅರುವತ್ತೆರಡನೆಯ ವಯಸ್ಸಿನಲ್ಲಿ. ಇಪ್ಪತ್ತೊಂದರಲ್ಲಿ ತಾನು ಚಿಕ್ಕವನೆಂದು ಅವರು ಹಿಂಜರಿಯಲಿಲ್ಲ, ಅರುವತ್ತರಲ್ಲಿ ತಾನು ಮುದುಕನೆಂದು ಕೈಚೆಲ್ಲಲಿಲ್ಲ. ಇಂದು ನಮ್ಮ ಸಭೆಯ ಹೆಸರನ್ನೇ ಕೇಳದವರೂ ಕಿಟೆಲರ ಹೆಸರನ್ನು ಪ್ರೀತಿಯಿಂದ ಹೇಳುತ್ತಾರೆ.

ಸಭೆಯ ಒಳಗಿನ ಮಾತು ಇಷ್ಟು ಸಾಕು. ಕಮಿಟಿ ಕೂಡುವುದು ತಿಂಗಳಿಗೆ ಒಂದು ಸಲ. ಉಳಿದ ದಿನಗಳೆಲ್ಲ ನಿನ್ನ ಆಫೀಸಿನಲ್ಲಿ, ನಿನ್ನ ಪಿಜಿಯ ಕೋಣೆಯಲ್ಲಿ ಕಳೆಯುತ್ತವೆ. ನಿನ್ನ ಜೊತೆ ಕೋಣೆಯಲ್ಲಿರುವ ಇಬ್ಬರು ಹುಡುಗಿಯರಿಗೆ ಪರಿಚಯವಿರುವ ಕ್ರೈಸ್ತಳು ನೀನೊಬ್ಬಳೇ ಎಂದು ಒಮ್ಮೆ ಹೇಳಿದ್ದೆ. ಅವರು ಸತ್ಯವೇದವನ್ನು ತೆರೆದು ನೋಡಿದವರಲ್ಲ. ನಿನ್ನನ್ನು ದಿನವೂ ನೋಡುತ್ತಾರೆ. ನೀವೇ ಎಲ್ಲರೂ ಓದುವ ಪತ್ರ ಎಂದು ಪೌಲನು ಬರೆದದ್ದು ಇಂಥವರ ವಿಷಯವಾಗಿಯೇ. ಬಾತ್‌ರೂಮಿನ ಸರದಿ, ಹಂಚಿಕೊಂಡ ಖರ್ಚು, ಇಲ್ಲದವಳ ಬಗ್ಗೆ ಇದ್ದವರು ಆಡುವ ಮಾತು, ಮೇಲಧಿಕಾರಿ ತಾರೀಕು ಬದಲಿಸಿ ಬಿಲ್ ಬರೆದುಬಿಡು ಎಂದಾಗ ನಿನ್ನ ಬಾಯಿಂದ ಬರುವ ಉತ್ತರ — ಇಷ್ಟೇ ಆ ಪತ್ರದ ಸಾಲುಗಳು. ಹಾಗೆಂದು ಪ್ರತಿ ಮಾತಿಗೂ ವಚನ ಹೇಳುವವಳಾಗಬೇಡ; ಅದು ನನಗೆ ಎಂದೂ ಹಿಡಿಸಿದ್ದಿಲ್ಲ.

ಅರಸುಗಳ ಎರಡನೆಯ ಪುಸ್ತಕದಲ್ಲಿ ಅರಾಮ್ಯರು ಇಸ್ರಾಯೇಲಿನಿಂದ ಸೆರೆಹಿಡಿದು ತಂದ ಒಬ್ಬ ಪುಟ್ಟ ಹುಡುಗಿ ಬರುತ್ತಾಳೆ. ಅವಳ ಹೆಸರನ್ನು ಬರೆದಿಲ್ಲ, ವಯಸ್ಸನ್ನೂ ಬರೆದಿಲ್ಲ. ಸೇನಾಪತಿ ನಾಮಾನನ ಹೆಂಡತಿಯ ದಾಸಿಯಾಗಿದ್ದಳು, ನಾಮಾನನಿಗೆ ಕುಷ್ಠವಿತ್ತು. ತನ್ನನ್ನು ಮನೆಯಿಂದ ಕಿತ್ತು ತಂದವರ ಮನೆಯಲ್ಲಿ ನಿಂತು ಆ ಹುಡುಗಿ, ನಮ್ಮ ದಣಿ ಸಮಾರ್ಯದ ಪ್ರವಾದಿಯ ಬಳಿಗೆ ಹೋದರೆ ಒಳ್ಳೆಯದಿತ್ತು, ಅವನು ಗುಣಪಡಿಸುತ್ತಿದ್ದನು ಎಂದಳು. ಅಷ್ಟೇ ಅವಳ ಮಾತು. ಆ ಒಂದು ಮಾತನ್ನು ಹಿಡಿದು ಸೇನಾಪತಿ ಅರಸನ ಬಳಿಗೆ ಹೋದನು, ಅರಸನು ಇನ್ನೊಬ್ಬ ಅರಸನಿಗೆ ಪತ್ರ ಬರೆದನು, ಕುದುರೆ ರಥಗಳು ಹೊರಟವು. ದಾಸಿಯ, ಅದರಲ್ಲಿಯೂ ಮಗುವಿನ ಮಾತಿಗೆ ಅಷ್ಟು ತೂಕ ಎಲ್ಲಿಂದ ಬಂತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಬರೆದಿಲ್ಲವಾದ್ದರಿಂದ ಇದು ನನ್ನ ಎಣಿಕೆ: ನೀರು ತರುವಾಗ, ಕೂದಲು ಬಾಚುವಾಗ, ಹಾಸಿಗೆ ಹಾಸುವಾಗ ಆ ಮನೆಯ ಯಜಮಾನಿಗೆ ಅವಳು ಎಂದೂ ಸುಳ್ಳಾಡಿರಲಿಲ್ಲ. ಮತ್ತು ಅವಳ ಮಾತಿನಲ್ಲಿ ಹಗೆ ಇರಲಿಲ್ಲ. ಕುಷ್ಠ ಇವನಿಗೆ ತಕ್ಕದ್ದೇ ಎಂದು ಒಳಗೊಳಗೆ ಎಣಿಸಲು ಅವಳಿಗೆ ಎಷ್ಟು ಕಾರಣಗಳಿದ್ದವು! ಪ್ರೀತಿಯಲ್ಲಿ ಮಾದರಿ ಎಂಬುದಕ್ಕೆ ಇದಕ್ಕಿಂತ ಎಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಆ ಖಜಾಂಚಿಯ ಮನೆಯ ಮೆಟ್ಟಿಲು ಹತ್ತುವಾಗ ಅವಳನ್ನು ನೆನಸಿಕೋ.

ನಂಬಿಕೆಯ ವಿಷಯ ಹೆಚ್ಚು ಬರೆಯುವುದಿಲ್ಲ. ಬೆಳಿಗ್ಗೆ ಬಸ್ಸಿಗೆ ಓಡುವ ಮೊದಲು ಹತ್ತು ನಿಮಿಷ ಮೊಣಕಾಲೂರುವುದನ್ನು ಬಿಡಬೇಡ ಎಂಬುದೊಂದೇ. ಅದು ನಿಂತರೆ ಮಿಕ್ಕ ನಾಲ್ಕೂ ಕೆಲವು ದಿನ ಹೊರಗಿನ ಅಂದಕ್ಕೆ ಉಳಿದು ಆಮೇಲೆ ಉದುರುತ್ತವೆ. ನನ್ನ ಬಾಳಿನಲ್ಲಿ ಒಂದೆರಡು ವರ್ಷ ಹಾಗಾಗಿತ್ತು. ಯಾರಿಗೂ ತಿಳಿಯಲಿಲ್ಲ, ನನಗೆ ತಿಳಿದಿತ್ತು.

ಈ ಮಾತೆಲ್ಲ ನಿನಗೊಬ್ಬಳಿಗೇ ಎಂದುಕೊಳ್ಳಬೇಡ. ನಲವತ್ತನೆಯ ವಯಸ್ಸಿನಲ್ಲಿ ಕಾನಾನ್ ದೇಶವನ್ನು ಬೇಹು ನೋಡಿ ಬಂದ ಕಾಲೇಬನು ಎಂಬತ್ತೈದರಲ್ಲಿ ಬೆಟ್ಟದ ಸೀಮೆಯನ್ನು ತನಗೆ ಕೊಡು ಎಂದು ಕೇಳಿದನು. ಎಂಬತ್ತನಾಲ್ಕರ ವಿಧವೆ ಅನ್ನಳು ದೇವಾಲಯವನ್ನು ಬಿಟ್ಟು ಹೋಗದೆ ಹಗಲಿರುಳು ಪ್ರಾರ್ಥಿಸುತ್ತಿದ್ದು ಕೂಸಾದ ಕರ್ತನನ್ನು ಕಂಡಳು. ವೃದ್ಧ ಸ್ತ್ರೀಯರು ಹೇಗಿರಬೇಕೆಂದು ತೀತನಿಗೆ ಬರೆದ ಪತ್ರಿಕೆಯಲ್ಲಿ ಹೇಳಿದ್ದನ್ನು ನಾನು ಈಚೆಗೆ ದಿನವೂ ಓದುತ್ತೇನೆ. ಚಾಡಿ ಹೇಳುವವರಾಗಿರಬಾರದು ಎಂಬ ಮಾತು ಅಲ್ಲಿ ಮೊದಲೇ ಬರುತ್ತದೆ. ವರಾಂಡದಲ್ಲಿ ಕುಳಿತ ಮುದುಕಿಯರಾದ ನಮಗೆ ಅದು ಎಷ್ಟು ಬೇಕಾದ ಮಾತೆಂದು ಪೌಲನಿಗೆ ಚೆನ್ನಾಗಿ ಗೊತ್ತಿತ್ತು. ಮೊನ್ನೆ ನೀನು ಹೇಳಿದ ಸಂಗತಿಯನ್ನು ನೆರೆಯವರೊಡನೆ ಆಡುವ ಮನಸ್ಸಾಗಿ, ತುಟಿಯವರೆಗೆ ಬಂದದ್ದನ್ನು ನುಂಗಿಕೊಂಡೆ. ನಿನಗೆ ಬುದ್ಧಿ ಹೇಳುವವಳು ಅದೇ ಅಚ್ಚಿನ ಕೆಳಗೆ ಇರಬೇಕಲ್ಲ.

ಶನಿವಾರದ ಭೇಟಿಯ ಮೇಲೂ ಲೆಕ್ಕ ಕೂಡದಿದ್ದರೆ, ಕಮಿಟಿಯ ಇನ್ನೊಬ್ಬ ಸದಸ್ಯರನ್ನು ಜೊತೆಗೆ ಕರೆದುಕೊಂಡು ಅಯ್ಯನವರ ಬಳಿಗೆ ಹೋಗು. ಅಲ್ಲಿಯೂ ಇತ್ಯರ್ಥವಾಗದಿದ್ದರೆ ಕಮಿಟಿಯಲ್ಲಿ ಎದ್ದು ನಿಂತು, ಧ್ವನಿ ಎತ್ತರಿಸದೆ, ನಿನ್ನ ಪ್ರಶ್ನೆಯನ್ನು ನಡವಳಿಯ ಪುಸ್ತಕದಲ್ಲಿ ಬರೆಸು. ಆಗ ನಿನಗೆ ಯಾರೂ ಬೆಂಬಲಿಸದಿದ್ದರೂ ನಾನು ನಿನ್ನ ಕಡೆ ಇದ್ದೇನೆ. ಲೆಕ್ಕ ಕೂಡಿದರೆ, ಅದೇ ಕಮಿಟಿಯಲ್ಲಿ ಎದ್ದು, ಆ ಹಿರಿಯರ ಲೆಕ್ಕ ಸರಿಯಾಗಿತ್ತೆಂದು ಮೊದಲು ಕೇಳಿದಷ್ಟೇ ಗಟ್ಟಿಯಾಗಿ ಹೇಳು. ಎರಡರಲ್ಲಿ ಯಾವುದಾದರೂ, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಆ ಮಕ್ಕಳ ಮುಂದೆ ನೀನು ಇರಬೇಕು. ಆದದ್ದನ್ನು ನನಗೆ ಬರೆದು ತಿಳಿಸು. ಫೋನಿನಲ್ಲಿ ಹೇಳಿದರೆ ಅರ್ಧವೇ ಕೇಳಿಸುತ್ತದೆ.

ಪೌಲನು ಸೆರೆಮನೆಯಿಂದ ತಿಮೊಥೆಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯಲ್ಲಿ, ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತೆಗೆದುಕೊಂಡು ಬಾ, ಚಳಿಗಾಲಕ್ಕೆ ಮುಂಚೆ ಬರಲು ಪ್ರಯತ್ನಪಡು ಎಂದು ಬರೆದಿದ್ದಾನೆ. ಕಳೆದ ಸಲ ಬಂದಾಗ ನನ್ನ ಕಂದು ಬಣ್ಣದ ಶಾಲನ್ನು ನಿನ್ನ ಕೋಣೆಯಲ್ಲಿ ಮರೆತುಬಂದಿದ್ದೇನೆ. ನಿನ್ನ ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿ ಇದ್ದೀತು. ಅದನ್ನು ತೆಗೆದುಕೊಂಡು, ಕ್ರಿಸ್ಮಸ್ಸಿನವರೆಗೆ ಕಾಯದೆ, ಬೆಳೆ ಹಬ್ಬಕ್ಕೇ ಬಾ. ಅಂದು ವೇದಪಾಠವನ್ನು ಎಳೆಯರೊಬ್ಬರು ಓದಲಿ ಎಂದು ಅಯ್ಯನವರನ್ನು ಕೇಳಿದ್ದೇನೆ, ಅವರು ಒಪ್ಪಿದ್ದಾರೆ.

ಇಂತು ನಿನ್ನ ಪ್ರೀತಿಯ
ಅಜ್ಜಿ